ಪಾದರಸದ ಗುಟ್ಟು

"ಗಂಜಿ ಬಳೀಲಾ ಸ್ವಾಮಿ, ಮಳೆ ಬರ್ತದಾ?" ದೊಡ್ಡಬಳ್ಳಾಪುರದ ಬೀದಿಯುದ್ದಕ್ಕೂ ಸೀರೆಯ ನೂಲು ಬಿಗಿದು ನಿಂತಿದ್ದ ನೇಕಾರರ ಅಕ್ಕಯ್ಯಮ್ಮ ಎದುರುಮನೆಯ ನರಹರಿರಾಯರನ್ನು ಕೇಳಿದಳು.

ಹವಾಮಾನ ಕಚೇರಿಯ ಗುಮಾಸ್ತರಾದ ರಾಯರು ಮುಂಜಾನೆಯೇ ಕಚೇರಿಯ ವಾಯುಭಾರಮಾಪಕದ ಪಾದರಸ ನೋಡಿ ಬಂದಿದ್ದರು. ಗಾಳಿಯ ಒತ್ತಡ ಸರ್ರನೆ ಇಳಿದಿತ್ತು, ಮಳೆ ಖಂಡಿತ. ಆದರೆ ಶತ್ರು ವಿಮಾನಗಳಿಗೆ ನೆರವಾದೀತೆಂದು, ಎರಡನೇ ಮಹಾಯುದ್ಧ ಮುಗಿಯುವ ತನಕ ಹವೆಯ ಸುದ್ದಿಯನ್ನು ಯಾರಿಗೂ ಹೇಳಕೂಡದೆಂದು ಸರ್ಕಾರದ ಹುಕುಂ ಇತ್ತು. "ನಂಗೇನು ಗೊತ್ತಮ್ಮ, ಬಿಸಿಲು ಚೆನ್ನಾಗೇ ಇದೆಯಲ್ಲ" ಎಂದರು.

ಬಳಿದ ಗಂಜಿ ಆರುವ ಮೊದಲೇ ಮಳೆ ಸುರಿಯಿತು. ಗಂಜಿ ಚರಂಡಿ ಸೇರಿತು, ನೂಲೆಲ್ಲ ಸಿಕ್ಕುಸಿಕ್ಕಾಯಿತು. ಮಳೆ ನಿಂತ ಮೇಲೆ ರಾಯರು ಹೊರಬಂದು, "ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು" ಎಂದರು.

ಅಕ್ಕಯ್ಯಮ್ಮ ನೂಲು ಹಿಂಡುತ್ತಲೇ ಅವರ ಮಾಳಿಗೆಯತ್ತ ನೋಡಿದಳು. "ವಾರದಿಂದ ದಿನಾ ಅಲ್ಲಿ ಸಂಡಿಗೆ ಒಣಗ್ತಿತ್ತು ಸ್ವಾಮಿ. ಇವತ್ತು ನಿಮ್ಮನೆ ಅಮ್ಮಾವ್ರು ಯಾಕೆ ಹಾಕ್ಲೇ ಇಲ್ಲ?"