ಬಾಗಿಲಿಗೆ ಬಂದ ಸಮಿತಿ

ಸರ್ಕಾರಿ ಕಚೇರಿಗೆ ಬಾಡಿಗೆ ಹಿಡಿಯುವ ಮನೆ ಖಾಲಿ ಇದೆಯೇ ಎಂದು ಶಾಸಕರ ಸಮಿತಿ ಬಾಗಿಲಿಗೇ ಬಂದು ಕೇಳಬೇಕು ಎಂಬುದು ನಿಯಮ; ಉತ್ತರ ಬಾರದ ಮನೆ ಸರ್ಕಾರದ ಪಾಲು. ಈಗ ಶಾಸಕರ ಬದಲು ಅವರಂತೆಯೇ ಮಾತಾಡಿ ಮತ ಹಾಕುವ ದನಿಗಳು ಯಂತ್ರದ ಪೆಟ್ಟಿಗೆಯಲ್ಲಿ ಬರುತ್ತವೆ. ಅವಧಿ ಮುಗಿಯುವವರೆಗೆ ತೀರಿಕೊಂಡವರ ದನಿಗೂ ಮತವುಂಟು.

ಅಧಿಕಾರಿ ಶಾಹಿದಾ ಪೆಟ್ಟಿಗೆಯನ್ನು ನೀಲವ್ವನ ಮನೆಯ ಕಟ್ಟೆಯ ಮೇಲಿಟ್ಟಳು. ನೀಲವ್ವನ ಗಂಡ ರುದ್ರಗೌಡರು ಇದೇ ಸಮಿತಿಯ ಶಾಸಕರು, ತೀರಿಕೊಂಡು ವರ್ಷವಾಗಿತ್ತು. ಬದುಕಿದ್ದಾಗ ಯಾವ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು ಒಂದು ಮಾತು ಕೇಳುತ್ತಿದ್ದರು. ಉತ್ತರ ಬರುವವರೆಗೆ ಕದಲುತ್ತಿರಲಿಲ್ಲ. ಎಷ್ಟೋ ಮನೆಗಳು ಹಾಗೆ ಮನೆಯವರ ಕೈಯಲ್ಲೇ ಉಳಿದುಕೊಂಡಿದ್ದವು.

ಪೆಟ್ಟಿಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. "ಒಳಗ ಯಾರರ ಅದೀರೇನು?"

ಅದೇ ಮಾತು, ಅದೇ ದನಿ. ನೀಲವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. "ನಾನದೀನ್ರೀ..." ಎನ್ನುವಷ್ಟರಲ್ಲಿ ಪೆಟ್ಟಿಗೆ, "ಯಾರೂ ಇಲ್ಲ. ನನ್ನ ಒಪ್ಪಿಗಿ ಐತಿ," ಎಂದಿತು.

"ಅವರು ಕಾಯ್ತಿದ್ರವ್ವಾ," ಎಂದಳು ನೀಲವ್ವ, ಸಣ್ಣ ದನಿಯಲ್ಲಿ.

ಶಾಹಿದಾ ತಲೆ ಎತ್ತಲಿಲ್ಲ. "ಕಾಯೂದರಾಗ ಭಾಳ ಹೊತ್ತು ಹೋಗತಿತ್ರೀ ಅವ್ವಾರ. ಅದಷ್ಟ ತಗದಾರ. ಪ್ರಶ್ನಿ ಹಂಗ ಇಟ್ಟಾರ."