ಮಂಗಳಮ್ಮನ ದನಿ

ಪರದೆಯ ಮೇಲೆ ಮತ್ತೆ ಕೆಂಪು ಅಕ್ಷರಗಳು ಬಂದವು. ಎರಡು ಪ್ರೋಗ್ರಾಮುಗಳನ್ನು ಬೆಸೆಯುವ ಲೈಬ್ರರಿಯೇನೋ ಕೂತಿತ್ತು, ಆದರೆ ಅದಕ್ಕೆ ಬೇಕಾದ ಜಾವಾ ಎಲ್ಲಿದೆಯೋ ಸಿಗುತ್ತಿಲ್ಲ ಎನ್ನುತ್ತಿತ್ತು ಲ್ಯಾಪ್‌ಟಾಪು. ಅರ್ಪಿತ ಉಸಿರು ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು. ಎದುರಿನ ಮಂಚದ ಮೇಲೆ ಅವಳ ಅವ್ವ ಮಂಗಳಮ್ಮ, ಕತ್ತಿಗೆ ಸುತ್ತಿದ್ದ ಬಿಳಿ ಬಟ್ಟೆ ಸರಿಮಾಡಿಕೊಳ್ಳುತ್ತಾ ಮಗಳ ಮುಖವನ್ನೇ ನೋಡುತ್ತಿದ್ದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಪ್ಪ ಹೊನ್ನಯ್ಯ ಕಿವಿಗೊಟ್ಟು ಕುಳಿತಿದ್ದ.

"ಆಯ್ತೇನವ್ವ?" ಎಂದ.

"ಇಲ್ಲ ಕಣಪ್ಪ. ಇನ್ನೊಸಿ ಐತೆ."

ಕಿರುಗಾವಲಿನ ಮಹಿಳಾ ಡೈರಿಯ ಕಾರ್ಯದರ್ಶಿಯಾಗಿದ್ದ ಮಂಗಳಮ್ಮ ಬಾಯಿಬಿಟ್ಟರೆ ಬಸ್‌ಸ್ಟಾಂಡಿನವರೆಗೂ ಕೇಳುತ್ತಿತ್ತು. ಗಂಟಲಲ್ಲಿ ಗೆಡ್ಡೆ ಕಾಣಿಸಿ, ಮೈಸೂರಿನ ಆಸ್ಪತ್ರೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸತೊಡಗಿದಳು. ಊರವರಿಗೆಲ್ಲ ಅದು ಸಾಕಾಗುತ್ತಿತ್ತು, ಹೊನ್ನಯ್ಯನೊಬ್ಬನನ್ನು ಬಿಟ್ಟು. ಅವನ ಎರಡೂ ಕಣ್ಣುಗಳನ್ನು ಸಕ್ಕರೆ ಕಾಯಿಲೆ ಎಂದೋ ತಿಂದುಹಾಕಿತ್ತು. ಅರ್ಪಿತ ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದಮೇಲೆ, ಅವ್ವ ಬರೆದದ್ದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಊಟ, ಮಾತ್ರೆ, ಹಸುವಿನ ಬೂಸಾ. ಅದರಾಚೆಗೆ ಮಂಗಳಮ್ಮ ಏನನ್ನೂ ಬರೆಯುತ್ತಿರಲಿಲ್ಲ. ಹಗಲು ಹೊತ್ತು ಮನೆಯಲ್ಲಿ ಇಬ್ಬರೇ ಇದ್ದಾಗ ಅವಳು ಹೋಗಿ ಗಂಡನ ತೋಳು ಮುಟ್ಟುವಳು, ಅವನು "ಏನಮ್ಮಿ" ಎನ್ನುವನು, ಮಾತು ಅಲ್ಲಿಗೇ ಮುಗಿಯುವುದು.

ಮೊದಲು ಫೋನಿನೊಳಗಿನ ದನಿಯಲ್ಲೇ ಓದಿಸಿ ನೋಡಿದ್ದಾಯಿತು. ಒಂದೆರಡು ಸಾಲು ಕೇಳಿ ಹೊನ್ನಯ್ಯ ಕೈ ಆಡಿಸಿಬಿಟ್ಟ. "ಇವಳು ಮಂಡ್ಯ ಟೇಸನ್ನಾಗೆ ರೈಲು ಬತ್ತದೆ ಅಂತ ಕೂಗೋ ಎಂಗ್ಸು. ಇವಳ್ನ್ಯಾಕವ್ವ ಮನೆಗೆ ಕರ್ಕಂಬಂದೆ? ಬುಡು."

ಆಪರೇಷನ್ನಿಗೆ ಮುಂಚೆ ಅರ್ಪಿತ ಅವ್ವನಿಂದ ನೂರಾರು ಸಾಲು ಓದಿಸಿ ದನಿ ಹಿಡಿದಿಟ್ಟಿದ್ದಳು. ಅದನ್ನು ಚೂರುಚೂರಾಗಿ ಬಿಡಿಸಿ, ಬೇಕಾದ ಮಾತಿಗೆ ತಕ್ಕಂತೆ ಜೋಡಿಸಿ ನುಡಿಸುವ ಒಂದು ಪ್ರೋಗ್ರಾಮು ಸಹೋದ್ಯೋಗಿ ಮಧುಕರನ ಬಳಿ ಇತ್ತು. ಅವನು ಓದುವ ಕಾಲದಲ್ಲಿ ಜಾವಾದಲ್ಲಿ ಬರೆದದ್ದು. ಅವ್ವ ಟೈಪ್ ಮಾಡುವ ಪರದೆಯನ್ನು ಅರ್ಪಿತ ಪೈಥಾನ್ ಎಂಬ ಬೇರೊಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಳು. ಪೈಥಾನಿನ ಮಾತು ಜಾವಾಕ್ಕೆ ತಿಳಿಯದು. ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುವ ಲೈಬ್ರರಿಯೊಂದಿದೆ. ಬೆಳಗಿನಿಂದ ಸತಾಯಿಸುತ್ತಿದ್ದುದು ಅದೇ.

ಜಾವಾ ಇರುವ ಜಾಗವನ್ನು ಅರ್ಪಿತ ತಾನೇ ಲ್ಯಾಪ್‌ಟಾಪಿಗೆ ಬರೆದು ತೋರಿಸಿದಳು. ಸಿಕ್ಕಿತು, ಆದರೆ ಹೊಸ ತಕರಾರು ಎದ್ದಿತು. ಮಧುಕರನ ಕಾಲದ ಜಾವಾ ಮೂವತ್ತೆರಡು ಬಿಟ್‌ನದು, ಅವಳ ಪೈಥಾನ್ ಅರವತ್ತನಾಲ್ಕರದು. ಎರಡೂ ಒಂದೇ ಅಳತೆಯವಾಗದೆ ಲೈಬ್ರರಿ ಕೆಲಸ ಮಾಡುವುದಿಲ್ಲ. ಹೊಸ ಜಾವಾ ಹಾಕಿ ನೋಡಿದಳು. ಅದರಲ್ಲಿ ದನಿಯ ಪ್ರೋಗ್ರಾಮು ಏಳಲೇ ಇಲ್ಲ. ಮಧುಕರನಿಗೆ ಫೋನು ಮಾಡಿದಾಗ ಅವನು ಪ್ರೋಗ್ರಾಮಿನ ಮೂಲ ಬರಹ ಎಲ್ಲೋ ಕಳೆದುಹೋಯಿತೆಂದು ನೊಂದುಕೊಂಡ. ಎಲ್ಲವನ್ನೂ ಹೊಸದಾಗಿ ಬರೆಯೋಣ, ಮೂರು ತಿಂಗಳು ಹಿಡಿದೀತು ಎಂದ. ಅರ್ಪಿತ ಆಗಲಿ ಎಂದು ಫೋನಿಟ್ಟಳು. ಹಿಂದಿನ ವಾರ ಅವ್ವನ ಸ್ಕ್ಯಾನಿಂಗ್ ನೋಡಿದ್ದ ಡಾಕ್ಟರು ಅವಳಿಗೆ ಅಷ್ಟು ದಿನದ ಭರವಸೆಯನ್ನೂ ಕೊಟ್ಟಿರಲಿಲ್ಲ. ಮನೆಯಲ್ಲಿ ಮಗಳಿಗೂ ಅವ್ವನಿಗೂ ಅದು ಗೊತ್ತಿತ್ತು. ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಅರ್ಪಿತ ಹಳೆಯ ಜಾವಾವನ್ನೇ ಮತ್ತೆ ಹಾಕಿದಳು. ಅವ್ವನ ದನಿ ಇರುವ ಕಡೆ ಕೈಯಿಡುವುದು ಬೇಡ, ನನ್ನ ಪೈಥಾನನ್ನೇ ಮೂವತ್ತೆರಡಕ್ಕೆ ತಗ್ಗಿಸಿಕೊಳ್ಳುತ್ತೇನೆ ಎಂದುಕೊಂಡಳು. ಸಿಗ್ನಲ್ಲಿಗೆಂದು ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು, ಮೂವತ್ತೆರಡರ ಪೈಥಾನನ್ನೂ ಅದಕ್ಕೆ ಹೊಂದುವ ಲೈಬ್ರರಿಯ ಹಳೆಯ ಆವೃತ್ತಿಯನ್ನೂ ಇಳಿಸಿಕೊಂಡಳು. ತಾನು ಬರೆದದ್ದರಲ್ಲಿ ಅರ್ಧ ಅದರಲ್ಲಿ ನಡೆಯದೆ ಹೋಯಿತು. ಬಣ್ಣ, ಚಿತ್ರ, ಗುಂಡಿಗಳನ್ನೆಲ್ಲ ಕಿತ್ತುಹಾಕಿ, ಬರೆಯಲು ಒಂದು ಬಿಳಿ ಚೌಕ ಮಾತ್ರ ಉಳಿಸಿದಳು. ಬಿಸಿಲು ಹಿತ್ತಲಿಗೆ ಸರಿಯುವ ಹೊತ್ತಿಗೆ ಪರದೆಯಲ್ಲಿ ಕೆಂಪು ಬರಲಿಲ್ಲ.

ತಾನಾಗಿ ಏನನ್ನೂ ನುಡಿಸಿ ನೋಡದೆ ಲ್ಯಾಪ್‌ಟಾಪನ್ನು ಅವ್ವನ ಮಡಿಲಿಗಿಟ್ಟಳು. ಮಂಗಳಮ್ಮ ಒಂದೊಂದೇ ಅಕ್ಷರ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು.

"ಅರ್ಪಿತ," ಎಂದಿತು ದನಿ. ಪದಕ್ಕೂ ಪದಕ್ಕೂ ನಡುವೆ ಬಿರುಕಿತ್ತು. ಆದರೆ ಅದು ಅವ್ವನದೇ. "ನೀನು ಒಸಿ ಆಚೆ ಓಗಿರವ್ವ."

ಹೊನ್ನಯ್ಯ ಕುರ್ಚಿಯ ಕೈ ಹಿಡಿದು ಎದ್ದು ನಿಂತುಬಿಟ್ಟ. ಅರ್ಪಿತ ಅವನನ್ನು ನಡೆಸಿಕೊಂಡು ಬಂದು ಮಂಚದ ಮೇಲೆ, ಅವ್ವನ ಪಕ್ಕಕ್ಕೆ ಕೂರಿಸಿದಳು. ಹೊರಗೆ ಬಂದು ಬಾಗಿಲೆಳೆದು ಜಗಲಿಯ ಮೇಲೆ ಕುಳಿತಳು. ಒಳಗೆ ಆ ದನಿ ನಿಂತು ನಿಂತು ಬಹಳ ಹೊತ್ತು ಏನೋ ಹೇಳಿತು. ಅದಾದ ಮೇಲೆ ಅಪ್ಪನ ಮಾತು ಕೇಳಿಸಿತು.

"ಗೊತ್ತು ಕಣಮ್ಮಿ. ನೀನಾಗೇ ಯೋಳ್ಲಿ ಅಂತ ಸುಮ್ನಿದ್ದೆ."

ಅರ್ಪಿತ ಜಗಲಿಯಿಂದೆದ್ದು, ಒಳಗಿನ ಮಾತು ಕಿವಿಗೆ ಬೀಳದಷ್ಟು ದೂರ, ಬೀದಿಯ ಆ ಬದಿಗೆ ಹೋಗಿ ನಿಂತಳು.