ಹಿಮ ಎಸೆಯುವ ಯಂತ್ರದ ಗಿರಾಕಿಗಳು

ಮೂರನೆಯ ಸಲ ಹಗ್ಗ ಎಳೆದಾಗ ಯಂತ್ರ ಗುರ್ರೆಂದಿತು. ಸ್ಟ್ಯಾನಿಗೆ ಅಲ್ಲೇ ಕುಣಿಯಬೇಕೆನಿಸಿತು. ಕುವೈತಿನಲ್ಲಿ ಹಿಮ ಎಸೆಯುವ ಯಂತ್ರಕ್ಕೆ ಗಿರಾಕಿ! ಅದೂ ಒಂದಿಡೀ ಸಂಸಾರ!

ಯಾರದೋ ಎಡವಟ್ಟಿನಿಂದ ಜನರೇಟರುಗಳ ಜೊತೆ ಬಂದಿಳಿದಿದ್ದ ಆ ಕೆಂಪು ಯಂತ್ರ, ಸಬ್ಹಾನಿನ ಗೋದಾಮಿನಲ್ಲಿ ಎಂಬತ್ತೆರಡರ ಬೇಸಿಗೆ ಪೂರ್ತಿ ಧೂಳು ತಿನ್ನುತ್ತ ಬಿದ್ದಿತ್ತು. ಬೆಳಿಗ್ಗೆ ಮ್ಯಾನೇಜರ್ ಅಹ್ಮದ್ ಕುಂಞಿ ಕಡ್ಡಿ ಮುರಿದಂತೆ ಹೇಳಿದ್ದ: "ಇವತ್ತು ಗಿರಾಕಿ ಬರ್ತಾರೆ. ಇಸ್ತ್ರಿ ಹಾಕಿದ ಅಂಗಿ ಹಾಕು. ಚಂದ ಮಾಡಿ ತೋರಿಸು. ಇದು ಇಲ್ಲಿಂದ ಹೋಗದಿದ್ದರೆ ನೀನು ಹೋಗುವುದೇ."

ಬಂದವರು ಫಿಂಟಾಸಿನ ಬರ್ನಾರ್ಡ್, ಅವನ ಹೆಂಡತಿ ಬೆಟ್ಟಿ ಮತ್ತು ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಐವಿ. ಗಾಳಿ ಎದ್ದಾಗಲೆಲ್ಲ ಗೇಟಿನ ಮುಂದೆ ಮರಳು ಗುಡ್ಡೆ ಬೀಳುತ್ತದಂತೆ. ಅದನ್ನು ಎಸೆಯಲು ಇದಾದೀತೇ ಎಂದು ನೋಡಬೇಕಂತೆ.

"ಸಿಂಗಲ್ ಅಂತ ಹೇಳಿದ್ರು. ಹೌದಾ?" ಬೆಟ್ಟಿ ಕನ್ನಡಕ ಸರಿಮಾಡಿಕೊಂಡಳು.

"ಹೌದು ಆಂಟಿ, ಸಿಂಗಲ್ ಸ್ಟೇಜ್. ಬಾಚುವುದೂ ಇದೇ ಸುರುಳಿ, ಎಸೆಯುವುದೂ ಇದೇ. ಬೇರೆ ಫ್ಯಾನ್ ಇಲ್ಲ."

"ಬೇಗ ಬಿಸಿಯಾಗ್ತದಾ?"

"ಇಲ್ಲವೇ ಇಲ್ಲ."

"ಕುಡಿಯುವುದು ಹೇಗೆ?" ಬರ್ನಾರ್ಡ್ ಗಂಭೀರವಾಗಿ ಕೇಳಿದ.

"ತುಂಬಾ ಕಮ್ಮಿ ಅಂಕಲ್. ಚೂರು ಪೆಟ್ರೋಲಿಗೆ ಇಡೀ ಅಂಗಳ ಸಾಫ್."

ಐವಿ ಯಂತ್ರದ ಸುತ್ತ ಒಂದು ಸುತ್ತು ಬಂದಳು. "ನಾನು ಹೇಳಿದ ಕಡೆ ತಿರುಗ್ತದಾ?"

ಸ್ಟ್ಯಾನಿ ಎಸೆಯುವ ಕೊಳವೆಯ ಹಿಡಿಕೆ ತೋರಿಸಲು ಹೋದ. ಅವಳ ನಗು ಕಂಡು ಹಿಡಿಕೆ ಯಾವ ಕಡೆಗಿದೆ ಎಂಬುದೇ ಮರೆತುಹೋಯಿತು. ಕಿವಿ ಬಿಸಿಯಾಯಿತು. ಯಂತ್ರವನ್ನೇ ಅಂಗಳದ ಮರಳುಗುಡ್ಡೆಗೆ ನುಗ್ಗಿಸಿದ.

ಕೊಳವೆ ಬರ್ನಾರ್ಡನ ಕಡೆಗೇ ತಿರುಗಿತ್ತು.

ಮರಳು ಭುಸ್ಸೆಂದು ಹಾರಿತು. ಕ್ಷಣದಲ್ಲಿ ಬರ್ನಾರ್ಡನ ಕಪ್ಪು ಮೀಸೆ ಗೋಧಿಬಣ್ಣಕ್ಕೆ ತಿರುಗಿತು, ಬೆಟ್ಟಿಯ ತುರುಬು ಗುಬ್ಬಿಗೂಡಾಯಿತು. ಐವಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಬೈಗುಳ ಬಿತ್ತೆಂದುಕೊಂಡು ಸ್ಟ್ಯಾನಿ ಯಂತ್ರ ನಿಲ್ಲಿಸಿದ. ಆದರೆ ಬೆಟ್ಟಿಯೂ ನಕ್ಕಳು. ಕೆಮ್ಮುತ್ತ ಕೆಮ್ಮುತ್ತ ಬರ್ನಾರ್ಡನೂ ನಕ್ಕ.

"ಎಸೆಯುವುದಂತೂ ಎಸೀತದೆ ಮಾರಾಯ!" ಎಂದ ಬರ್ನಾರ್ಡ್. "ಹಾಗಾದರೆ ಇದನ್ನು ಮನೆಗೆ ಕರಕೊಂಡು ಹೋಗಬಹುದಾ?"

ಹೂಂ ಅಂದರೆ ಕೆಲಸ ಉಳಿಯುತ್ತದೆ. ಸ್ಟ್ಯಾನಿ ಬಾಯಿ ತೆರೆದ. ಬಗ್ಗಿ ಸುರುಳಿಯ ರಬ್ಬರು ಅಂಚನ್ನು ಸವರಿದ. ಇಷ್ಟಕ್ಕೇ ತರಿತರಿಯಾಗಿತ್ತು.

"ಬೇಡ ಅಂಕಲ್," ಎಂದುಬಿಟ್ಟ. "ಈ ರಬ್ಬರು ನೆಲಕ್ಕೆ ತಾಗಿಕೊಂಡೇ ಓಡುವುದು. ಹಿಮಕ್ಕೆ ಸರಿ, ಮರಳು ಇದನ್ನು ತಿಂದು ಹಾಕ್ತದೆ. ನಿಮಗೆ ಕೊಟ್ಟರೆ ಮೋಸ ಆಗ್ತದೆ. ಮ್ಯಾನೇಜರಿಗೆ ನಾನೇ ಹೇಳ್ತೇನೆ."

ನಗು ನಿಂತಿತು. ಬರ್ನಾರ್ಡ್ ಹೆಂಡತಿಯ ಮುಖ ನೋಡಿದ. ಹೆಂಡತಿ ಮಗಳ ಮುಖ ನೋಡಿದಳು. ಐವಿ ರೆಪ್ಪೆಯ ಮೇಲಿನ ಮರಳು ಒರೆಸಿಕೊಂಡು ಮೆಲ್ಲಗೆ ಹೇಳಿದಳು:

"ಪಪ್ಪಾ, ನನಗೆ ಒಪ್ಪಿಗೆ."

"ಅಯ್ಯೋ, ಬೇಡ ಅಂತ ಹೇಳಿದೆನಲ್ಲ!" ಸ್ಟ್ಯಾನಿ ಅಂಗಲಾಚಿದ. "ಒಂದು ತಿಂಗಳೂ ಬಾಳುವುದಿಲ್ಲ!"

ಆಫೀಸಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಅಹ್ಮದ್ ಕುಂಞಿಗೆ ಇನ್ನು ತಡೆಯಲಾಗಲಿಲ್ಲ. ಹೆಗಲಿನ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ, ಬಿದ್ದು ಬಿದ್ದು ನಗುತ್ತ ಹೊರಗೆ ಬಂದ.

"ಆ ಮಿಶೀನ್ ನಿನ್ನೆಯೇ ಐಸ್ ಸ್ಕೇಟಿಂಗ್‌ನವರಿಗೆ ಮಾರಿ ಖಲಾಸ್, ಮಾರಾಯ! ಇವರು ನೋಡಲಿಕ್ಕೆ ಬಂದದ್ದು ಹುಡುಗನನ್ನು!"